ಆರು ಜೊತೆ ಚಪ್ಪಲಿ, ಒಂದು ಲೈನ್

ಬೆಳಿಗ್ಗೆಯಿಂದ ಮೂರು ಸಲ ಆಫೀಸಿನ ಫೋನ್ ಬಂದರೂ ಎದ್ದು ಹೋಗದೆ ಈ ಸಭೆಯ ಅಧ್ಯಕ್ಷತೆ ವಹಿಸಿರುವ ಶಾಖಾಧಿಕಾರಿ ರುದ್ರಮೂರ್ತಿಯವರೇ, ಮೂವತ್ತಾರು ವರ್ಷ ಕಂಬ ಹತ್ತಿ ಇಳಿದು ಇವತ್ತು ನಿವೃತ್ತರಾಗಿ ಮೊದಲ ಸಲ ವೇದಿಕೆ ಹತ್ತಿರುವ ಸನ್ಮಾನಿತರಾದ ರಹಮತ್ ಉಲ್ಲಾ ಸಾಹೇಬರೇ, ವೇದಿಕೆ ಮೇಲೆ ಕುರ್ಚಿ ಹಾಕಿದರೂ ಒಲ್ಲೆನೆಂದು ನಮ್ಮವ್ವನ ಪಕ್ಕದಲ್ಲಿ ಕೂತಿರುವ ಸಾಹೇಬರ ಮನೆಯೊಡತಿ ಚಾಂದ್ ಬಿ ಅಮ್ಮನವರೇ, ವಿದ್ಯುತ್ ಉಪಕೇಂದ್ರದಿಂದ ರಜೆ ಹಾಕಿ ಬಂದಿರುವ ಆಪರೇಟರ್ ಜವರಯ್ಯನವರೇ, ಕಡೂರು, ತರೀಕೆರೆ, ಅಜ್ಜಂಪುರದ ಗ್ಯಾಂಗಿನ ಅಣ್ಣತಮ್ಮಂದಿರೇ, ಮುಂದಿನ ಕುರ್ಚಿಗಳನ್ನು ಖಾಲಿ ಬಿಟ್ಟು ಹಿಂದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ನನ್ನ ಹೆಸರು ಚಂದ್ರಕುಮಾರ್. ಚೌಳಹಿರಿಯೂರಿನ ಗಿರಿಯಪ್ಪನವರ ಎರಡನೇ ಮಗ. ಗುತ್ತಿಗೆ ವಿದ್ಯುತ್ ಕೆಲಸಗಾರರ ಸಂಘದ ಕಾರ್ಯದರ್ಶಿ. ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನನ್ನನ್ನು ಬಲ್ಲವರು ಆಗಲೇ ನಗುತ್ತಿದ್ದಾರೆ. ನಗಲಿ. ಇವತ್ತು ನಾನು ಸರ್ಕಾರವನ್ನು ಬೈಯುವುದಿಲ್ಲ, ಕಂಟ್ರಾಕ್ಟರನ್ನೂ ಬೈಯುವುದಿಲ್ಲ. ಕಡೆಗೆ ಒಬ್ಬನನ್ನು ಬೈಯುವುದಿದೆ, ಅವನು ಈ ಸಭೆಯಲ್ಲೇ ಇದ್ದಾನೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಇರಲಿ.

ನಾನು ಹೆಚ್ಚು ಓದಿದವನಲ್ಲ. ಓದಿದ್ದೆಲ್ಲ ಕರಪತ್ರ. ಧರಣಿಯ ಟೆಂಟಿನಲ್ಲಿ ಹಂಚುವುದು, ಬುದ್ಧ ವಿಹಾರದ ಕಪಾಟಿನಲ್ಲಿ ಇಟ್ಟಿರುವುದು, ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಹಾಳೆಯಲ್ಲಿ ಸಿಕ್ಕಿದ್ದು, ಯಾವುದನ್ನೂ ಬಿಟ್ಟವನಲ್ಲ. ಅವುಗಳಲ್ಲಿ ಗೊತ್ತಿಲ್ಲದ ಇಂಗ್ಲಿಷ್ ಪದ ಬಂದರೆ ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಂಡು, ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡ ಡಿಕ್ಷನರಿಯಲ್ಲಿ ಅರ್ಥ ಹುಡುಕುತ್ತಿದ್ದೆ. ಎಲ್ಲ ಪದಗಳಿಗೂ ಒಂದೋ ಎರಡೋ ಅರ್ಥ ಇರುತ್ತಿದ್ದವು. ಒಂದು ಪದ ಮಾತ್ರ ಎರಡು ಅಂಕಣ ತುಂಬಿಕೊಂಡು ಮುಂದಿನ ಪುಟಕ್ಕೂ ಹೋಗಿತ್ತು. ಯಾವ ಪದ ಗೊತ್ತೇ? ಲೈನ್.

ಲೈನ್ ಅಂದರೆ ಗೆರೆ. ಲೈನ್ ಅಂದರೆ ಸಾಲು. ತಂತಿ, ದಾರ, ಹಾದಿ, ವಂಶ, ಗಡಿ, ಪದ್ಯದ ಪಂಕ್ತಿ, ಮುಖದ ಸುಕ್ಕು. ಒಂದು ಪದಕ್ಕೆ ಇಷ್ಟು ಹೊಟ್ಟೆಯೇ ಎಂದು ನನಗೆ ಆಶ್ಚರ್ಯವಾಯಿತು. ಆಮೇಲೆ ಯೋಚಿಸಿದರೆ ನಮ್ಮ ಊರಿನವರು ಡಿಕ್ಷನರಿಗಿಂತ ಮುಂದೆ ಹೋಗಿದ್ದಾರೆ. ರೇಷನ್ ಅಂಗಡಿ ಮುಂದೆ ನಿಂತರೆ ಲೈನ್. ಬೀರೂರಿನ ಕಡೆ ರೈಲು ಹೋಗುವುದು ಲೈನ್. ನಮ್ಮತ್ತೆ ಕಾಫಿ ತೋಟದಲ್ಲಿ ಕೂಲಿ ಮಾಡಿಕೊಂಡು ಇಪ್ಪತ್ತು ವರ್ಷ ಬದುಕಿದ್ದು ಲೈನ್ ಮನೆಯಲ್ಲಿ. ದೇವನೂರಿನ ಕಡೆ ಬಸ್ಸು ಕಡಿಮೆ ಎಂದು ಹೇಳಬೇಕಾದರೆ ಆ ಲೈನಲ್ಲಿ ಬಸ್ಸಿಲ್ಲ ಅನ್ನುತ್ತೇವೆ. ಹುಡುಗರು ಹುಡುಗಿಯರ ಹಿಂದೆ ಹೊಡೆಯುವುದೂ ಲೈನೇ. ಮದುವೆಯಾದ ಮೇಲೆ ಅವರೇ ಲೈನಿಗೆ ಬರುತ್ತಾರೆ. ನಮ್ಮ ಸಂಘಟನೆಯಲ್ಲಂತೂ ದಿನ ಬೆಳಗಾದರೆ ಇದೇ ಜಗಳ: ನಿನ್ನ ಲೈನ್ ತಪ್ಪು, ನನ್ನ ಲೈನ್ ಸರಿ. ನಾನೂ ಆ ಜಗಳವನ್ನು ಗಂಟೆಗಟ್ಟಲೆ ಆಡಿದ್ದೇನೆ. ನನ್ನ ಲೈನ್ ಸರಿಯೆಂಬುದರಲ್ಲಿ ನನಗೆ ಎಂದೂ ಅನುಮಾನ ಬಂದಿರಲಿಲ್ಲ.

ಇನ್ನೊಂದು ಲೈನಿದೆ. ಅದಕ್ಕಾಗಿ ನಾವು ಇಲ್ಲಿ ಸೇರಿದ್ದೇವೆ. ಕಂಬದಿಂದ ಕಂಬಕ್ಕೆ ಹೋಗುವ ಲೈನ್, ಅದನ್ನು ನೋಡಿಕೊಳ್ಳುವ ಲೈನ್‌ಮ್ಯಾನ್. ಇಲಾಖೆಯವರು ಈಗ ಆ ಹುದ್ದೆಗೆ ಬೇರೆ ಹೆಸರು ಇಟ್ಟಿದ್ದಾರೆ. ಜನ ಬದಲಾಯಿಸಿಲ್ಲ. ಕರೆಂಟ್ ಹೋದರೆ ಇವತ್ತಿಗೂ ನಮ್ಮವ್ವ ಕೂಗುವುದು, "ಲೇ ಚಂದ್ರ, ಲೈನ್‌ಮ್ಯಾನ್ ಸಾಬ್ರಿಗೊಂದ್ ಫೋನ್ ಹಾಕೋ!" ಎಂದೇ.

ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಕಂಬ ಹತ್ತುವ ಮೊದಲು ಲೈನ್‌ಮ್ಯಾನ್ ಉಪಕೇಂದ್ರಕ್ಕೆ ಫೋನ್ ಮಾಡುತ್ತಾನೆ. ಅಲ್ಲಿನ ಆಪರೇಟರ್ ಕರೆಂಟ್ ನಿಲ್ಲಿಸಿ, ಪುಸ್ತಕದಲ್ಲಿ ಬರೆದುಕೊಂಡು, ಆಯಿತು ಹತ್ತಿ ಅನ್ನುತ್ತಾನೆ. ಅದು ಲೈನ್ ಕ್ಲಿಯರ್. ಕೆಲಸ ಮುಗಿದು ಎಲ್ಲರೂ ಇಳಿದ ಮೇಲೆ ಲೈನ್‌ಮ್ಯಾನ್ ಮತ್ತೆ ಫೋನ್ ಮಾಡಿ, ಕರೆಂಟ್ ಬಿಡಿ ಅನ್ನುತ್ತಾನೆ. ಅದು ಲೈನ್ ರಿಟರ್ನ್. ಈ ಎರಡು ಫೋನಿನ ನಡುವೆ ಕಂಬದ ಮೇಲಿರುವವರ ಜೀವ ಇರುತ್ತದೆ. ಅಷ್ಟೇ ಕಥೆ.

ರಹಮತ್ ಸಾಹೇಬರಿಗೆ ಒಂದು ಪದ್ಧತಿ ಇತ್ತು. ಅದು ಯಾವ ರೂಲ್ ಪುಸ್ತಕದಲ್ಲೂ ಇಲ್ಲ, ರುದ್ರಮೂರ್ತಿಯವರೇ, ನಾನು ಹುಡುಕಿದ್ದೇನೆ. ಗ್ಯಾಂಗಿನ ಹುಡುಗರು ಕಂಬ ಹತ್ತುವ ಮೊದಲು ಎಲ್ಲರೂ ತಮ್ಮ ಚಪ್ಪಲಿಯನ್ನು ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಬಿಡಬೇಕು. ಮೂಲೆಯಲ್ಲಿ ಬಿಡುವ ಹಾಗಿಲ್ಲ, ಜೀಪಿನಲ್ಲಿ ಎಸೆಯುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಒಬ್ಬೊಬ್ಬರೂ ಬಂದು ತಮ್ಮ ಚಪ್ಪಲಿ ತಾವೇ ಮೆಟ್ಟಿಕೊಳ್ಳಬೇಕು. ಒಬ್ಬನ ಚಪ್ಪಲಿ ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಸಾಲು ಖಾಲಿಯಾಗುವವರೆಗೂ ಸಾಹೇಬರು ಫೋನ್ ಜೇಬಿನಿಂದ ತೆಗೆಯುತ್ತಿರಲಿಲ್ಲ. ಇಲಾಖೆಯಿಂದ ಬೂಟು ಕೊಟ್ಟ ವರ್ಷ ಹುಡುಗರಿಗೆ ಬಿಡುಗಡೆ ಸಿಕ್ಕಿತು ಅಂದುಕೊಂಡಿರಾ? "ಬೂಟು ಹತ್ತೋಕೆ. ಚಪ್ಪಲಿ ಬರೋಕೆ, ಹೋಗೋಕೆ. ಎರಡೂ ತನ್ನಿ" ಅಂದರು. ಕಾಲು ಎರಡಿದ್ದರೂ ನಾಲ್ಕು ಕಾಲಿನ ಸಾಮಾನು ಹೊತ್ತುಕೊಂಡು ತಿರುಗಿದ ಗ್ಯಾಂಗ್ ಈ ಜಿಲ್ಲೆಯಲ್ಲಿ ಇದೊಂದೇ.

ಈ ಸಾಲನ್ನು ನಾನು ಮೊದಲು ನೋಡಿದಾಗ ನನ್ನ ಮೈ ಉರಿಯಿತು. ಯಾಕೆ ಗೊತ್ತೇ? ನಮ್ಮ ತಾತ ನಮ್ಮದೇ ಊರಿನ ಒಂದು ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದವರು. ಕಾಲಿಗೆ ಹಾಕಿಕೊಂಡು ಆ ಬೀದಿ ದಾಟುವ ಹಾಗಿರಲಿಲ್ಲ. ಮುಳ್ಳಿದ್ದರೂ ಸರಿ, ಬಿಸಿಲಿದ್ದರೂ ಸರಿ. ನಮ್ಮಪ್ಪ ಇದನ್ನು ಹೇಳುವಾಗ ಇವತ್ತಿಗೂ ಅವರ ಧ್ವನಿ ಬದಲಾಗುತ್ತದೆ. ಅಂಥ ಮನೆಯಿಂದ ಬಂದ ನಾನು, ಒಬ್ಬ ಸರ್ಕಾರಿ ಮನುಷ್ಯ ಕೂಲಿ ಹುಡುಗರಿಗೆ "ಚಪ್ಪಲಿ ಬಿಡ್ರಪ್ಪಾ" ಎಂದು ಹೇಳುವುದನ್ನು ಕೇಳಿದೆ. ಆ ಹುಡುಗರಲ್ಲಿ ನಮ್ಮಣ್ಣ ಸುರೇಶನೂ ಇದ್ದ. ಅವನು ಗ್ಯಾಂಗಿಗೆ ಸೇರಿ ಆಗ ಎರಡು ವರ್ಷವಾಗಿತ್ತು. ನಾನು ಯಾರನ್ನೂ ಏನೂ ಕೇಳಲಿಲ್ಲ. ಮನೆಗೆ ಹೋಗಿ ಕೂತು ಕರಪತ್ರ ಬರೆದೆ. "ಚಪ್ಪಲಿ ಬಿಡಿಸುವ ದರ್ಬಾರು" ಎಂದು ಹೆಸರಿಟ್ಟೆ. ಐನೂರು ಪ್ರತಿ ಹಾಕಿಸಿದೆ. ಕಡೂರಿನ ಸಂತೆಯಲ್ಲಿ ನಾನೇ ನಿಂತು ಹಂಚಿದೆ. ಅದರಲ್ಲಿ ರಹಮತ್ ಸಾಹೇಬರ ಹೆಸರು ಮೂರು ಸಲ ಬಂದಿತ್ತು.

ಸುರೇಶಣ್ಣ ಅವತ್ತು ಮನೆಯಲ್ಲಿ ನನ್ನನ್ನು ಹಿಡಿದು ಕೇಳಿದ, "ಏನ್ಲಾ ಇದು? ಯಾರನ್ನ ಕೇಳಿ ಬರ್ದೆ?"

"ನಿನಗೆ ಅವಮಾನ ಆಗ್ತಿರೋದು ನಿನಗೇ ಗೊತ್ತಾಗ್ತಿಲ್ಲ ಕಣಣ್ಣ" ಅಂದೆ.

"ಕಾಲು ನಂದು, ಚಪ್ಪಲಿ ನಂದು, ಅವಮಾನ ಮಾತ್ರ ನಿಂದಾ?" ಅಂದ. ನಮ್ಮವ್ವ ಒಳಗಿಂದ ನಕ್ಕಳು. ನನಗೆ ನಗು ಬರಲಿಲ್ಲ. ಎಚ್ಚೆತ್ತುಕೊಳ್ಳದ ಕಾರ್ಮಿಕ ಎಂದು ನನ್ನ ನೋಟ್ ಬುಕ್ಕಿನಲ್ಲಿ ಅಣ್ಣನ ಬಗ್ಗೆ ಬರೆದುಕೊಂಡೆ. ಇವತ್ತಿಗೂ ಆ ಪುಟ ಇದೆ.

ಆಮೇಲಿನ ಮಾತು ಮೂರು ವರ್ಷದ ಹಿಂದಿನ ಏಪ್ರಿಲ್ ತಿಂಗಳದು. ಹಿಂದಿನ ದಿನ ಬಿರುಗಾಳಿಗೆ ನಮ್ಮೂರಿನ ಹೊರಗೆ ಐದಾರು ಕಂಬಗಳ ತಂತಿ ಜೋತುಬಿದ್ದಿತ್ತು. ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಅದೇ ದಿನ ನಾಲ್ಕು ಗಂಟೆಗೆ ನಮ್ಮ ಯುವಕರ ಸಂಘದ ಸಭೆ. ವಿಷಯ ಏನು ಗೊತ್ತೇ? ಕಾರ್ಮಿಕರ ಹಕ್ಕುಗಳು. ಭಾಷಣಕಾರ ಯಾರು ಗೊತ್ತೇ? ನಾನು. ಮೈಕ್ ಸೆಟ್ ಬಾಡಿಗೆಗೆ ತಂದಾಗಿದೆ, ಜನ ಬಂದು ಕೂತಾಗಿದೆ, ಮೈಕಿಗೆ ಜೀವ ಇಲ್ಲ. ಕಾರ್ಮಿಕರ ಹಕ್ಕಿನ ಬಗ್ಗೆ ಮಾತನಾಡುವ ಆತುರದಲ್ಲಿ ನಾನು ಕಾರ್ಮಿಕರ ಮೇಲೆ ರೇಗಿಕೊಂಡು ಟಿ.ಸಿ. ಹತ್ತಿರ ಹೋದೆ. ಇದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಪೂರ್ತಿ ನಗು ಬರುವುದಿಲ್ಲ.

ಹುಣಸೆ ಮರದ ಕೆಳಗೆ ಸಾಹೇಬರು ಕೂತಿದ್ದರು. ಗ್ಯಾಂಗಿನ ನಾಲ್ವರು ಇಳಿದು, ಚಪ್ಪಲಿ ಮೆಟ್ಟಿಕೊಂಡು, ಹಗ್ಗ ಸುತ್ತುತ್ತಿದ್ದರು. ಅಕಸ್ಮಾತ್ ಕರೆಂಟ್ ಬಂದರೂ ನೆಲಕ್ಕೆ ಇಳಿದುಹೋಗಲಿ ಎಂದು ತಂತಿಯನ್ನು ನೆಲಕ್ಕೆ ಸೇರಿಸಿ ಹಾಕಿದ್ದ ಸರಪಳಿಯನ್ನೂ ಬಿಚ್ಚಿಯಾಗಿತ್ತು. ಸಾಲಿನಲ್ಲಿ ಎರಡು ಜೊತೆ ಉಳಿದಿದ್ದವು.

"ಕೆಲ್ಸ ಮುಗೀತಲ್ಲ ಸಾಹೇಬ್ರೆ, ಕರೆಂಟ್ ಕೊಡ್ಸಿ" ಅಂದೆ.

"ಸುರೇಶ ಬರ್ಲಿ ಬೇಟಾ" ಅಂದರು.

ಗ್ಯಾಂಗಿನ ಹುಡುಗನೊಬ್ಬ ಹೇಳಿದ, "ಅವ್ನು ಸಾಮಾನು ತರಕ್ಕೆ ಕಂಟ್ರಾಕ್ಟರ್ ಬೈಕಲ್ಲಿ ಕಡೂರಿಗೆ ಹೋದ ಕಣ್ರೀ. ನಾವು ನಾಲ್ಕು ಜನ ಮೆಟ್ಕೊಂಡಾಯ್ತಲ್ಲ, ಫೋನ್ ಹಾಕಿ."

"ಕಡೂರಿಗೆ ಹತ್ತೋ ಬೂಟಲ್ಲೇ ಹೋದ್ನಾ? ಈ ಬಿಸ್ಲಲ್ಲಿ? ಚಪ್ಪಲಿ ಇಲ್ಲೇ ಐತಲ್ಲಪ್ಪಾ" ಎಂದು ಸಾಹೇಬರು ಕೂತಲ್ಲಿಂದ ಅಲ್ಲಾಡಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಒಂದ್ ಜೊತೆ ಚಪ್ಪಲಿಗೋಸ್ಕರ ಇಡೀ ಊರನ್ನ ಕಾಯಿಸ್ತೀರಾ? ನಿಮ್ ದರ್ಬಾರಿಗೆ ಒಂದ್ ಕೊನೆ ಇಲ್ವಾ?" ಎಂದು ಕೂಗಾಡಿದೆ. ಕರಪತ್ರದಲ್ಲಿ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿದೆ. ಅವರು ಬೀಡಿ ಕೂಡ ಹಚ್ಚದೆ ಕೇಳಿಸಿಕೊಂಡರು. ಕಡೆಗೆ, "ಮೈಕು ಎಷ್ಟೊತ್ತಿಗಪ್ಪಾ ನಿಂದು?" ಎಂದು ಕೇಳಿದರು. ಅಷ್ಟೇ.

ಸಭಿಕರೇ, ಇನ್ನು ಮುಂದಿನದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ಮನೆಯಲ್ಲೂ ಹೇಳಿಲ್ಲ.

ಅದೇ ಹೊತ್ತಿನಲ್ಲಿ ಉಪಕೇಂದ್ರಕ್ಕೆ ಒಂದು ಫೋನ್ ಹೋಯಿತು. ಅಲ್ಲಿದ್ದದ್ದು ಹಳೇ ಕಾಲದ ಫೋನು. ಯಾರ ನಂಬರೂ ಕಾಣುತ್ತಿರಲಿಲ್ಲ. ಯಾರೋ ಒಬ್ಬ ಫೋನ್ ಮಾಡಿ, ನಾನು ರಹಮತ್ ಉಲ್ಲಾ ಮಾತಾಡೋದು, ಕೆಲಸ ಮುಗೀತು, ಲೈನ್ ರಿಟರ್ನ್ ಬರ್ಕೊಳ್ಳಿ ಅಂದ.

ಯಾರೋ ಒಬ್ಬ ಅಲ್ಲ. ನಾನು.

ಕರೆಂಟ್ ಹೋದಾಗಲೆಲ್ಲ ಊರಿನ ಪರವಾಗಿ ಜಗಳ ಆಡುತ್ತಿದ್ದವನು ನಾನೇ. ಆ ನಂಬರ್ ನನಗೆ ಬಾಯಿಪಾಠ. ಪಂಚಾಯ್ತಿ ಟ್ಯಾಂಕಿನ ಹಿಂದೆ ನಿಂತು, ಸಾಹೇಬರ ಧ್ವನಿಯ ಹಾಗೆ ಸ್ವಲ್ಪ ಗಂಟಲು ದಪ್ಪ ಮಾಡಿಕೊಂಡು ಮಾತನಾಡಿದೆ. ತಪ್ಪು ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಿತೇ? ಇಲ್ಲ. ಊರಿಗೆ ನ್ಯಾಯ ಕೊಡಿಸುತ್ತಿದ್ದೇನೆ ಅನ್ನಿಸಿತು. ಅದನ್ನೇ ನಾನು ಇವತ್ತು ಹೇಳಬೇಕಾಗಿರುವುದು.

ಆ ಕಡೆಯಿಂದ ಜವರಯ್ಯನವರು ಒಂದೇ ಮಾತು ಕೇಳಿದರು. "ಎಷ್ಟು ಜೊತೆ?"

ನನಗೆ ಅರ್ಥವಾಗಲಿಲ್ಲ. "ಏನಂದ್ರಿ?" ಅಂದೆ.

"ಎಷ್ಟು ಜೊತೆ ಸಾಹೇಬ್ರೆ?"

ಗ್ಯಾಂಗಿನ ಹುಡುಗ ಹೇಳಿದ್ದು ನೆನಪಿಗೆ ಬಂತು. "ನಾಲ್ಕು" ಅಂದೆ.

ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ ಜವರಯ್ಯನವರು, "ಬೆಳಿಗ್ಗೆ ಆರು ಬರ್ಸಿದ್ದೀರಿ. ಇನ್ನೆರಡು ಜೊತೆ ಎಲ್ಲೋದ್ವು?" ಎಂದು ಕೇಳಿ ಫೋನ್ ಇಟ್ಟರು.

ಲೈನ್ ತೆಗೆದುಕೊಳ್ಳುವಾಗಲೇ ಸಾಹೇಬರು ಚಪ್ಪಲಿಯ ಲೆಕ್ಕ ಹೇಳುತ್ತಿದ್ದರು. ವಾಪಸ್ ಕೊಡುವಾಗ ಅದೇ ಲೆಕ್ಕ ಹೇಳಬೇಕು. ಇದು ಅವರಿಬ್ಬರ ನಡುವಿನ ಒಪ್ಪಂದ. ಹನ್ನೊಂದು ವರ್ಷದಿಂದ ನಡೆದುಕೊಂಡು ಬಂದಿತ್ತು. ನನ್ನ ಐನೂರು ಕರಪತ್ರಗಳಲ್ಲಿ ಇದರ ಬಗ್ಗೆ ಒಂದು ಲೈನ್ ಕೂಡ ಇರಲಿಲ್ಲ.

ನಾನು ಮತ್ತೆ ಹುಣಸೆ ಮರದ ಹತ್ತಿರ ಬಂದೆ. ಬೈಯಲು ಇನ್ನೇನು ಉಳಿದಿದೆ ಎಂದು ಯೋಚಿಸುತ್ತಾ ನೆಲ ನೋಡಿದೆ. ಆಗ ಮೊದಲ ಸಲ ಆ ಚಪ್ಪಲಿಯನ್ನು ನೋಡಿದೆ. ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ನೀಲಿ ದಾರದಲ್ಲಿ ಹೊಲಿಗೆ ಹಾಕಿತ್ತು. ಆ ಹೊಲಿಗೆ ನಮ್ಮವ್ವನದು. ಆ ಚಪ್ಪಲಿಯನ್ನು ನಾನು ದಿನಾ ನಮ್ಮ ಮನೆ ಬಾಗಿಲಲ್ಲಿ ದಾಟಿಕೊಂಡು ಓಡಾಡುತ್ತಿದ್ದೆ. ಚಪ್ಪಲಿಯ ಮೇಲೆ ಎರಡು ಪುಟ ಬರೆದವನು ಚಪ್ಪಲಿಯನ್ನು ನೋಡಿಯೇ ಇರಲಿಲ್ಲ. ಅದರ ಪಕ್ಕದಲ್ಲಿದ್ದ ಇನ್ನೊಂದು ಜೊತೆ ಸಾಹೇಬರದು. ಅವರೂ ಬರಿಗಾಲಲ್ಲೇ ಕೂತಿದ್ದರು.

ಹತ್ತು ನಿಮಿಷ ಕಳೆದಿರಬೇಕು. ಕೆರೆ ಏರಿಯ ಆಚೆಯಿಂದ ಒಬ್ಬ ನಡೆದು ಬಂದ. ಹೆಗಲ ಮೇಲೆ ಹಗ್ಗ, ಕುತ್ತಿಗೆಗೆ ಕಟ್ಟಿಕೊಂಡ ಬೂಟು, ಬರಿಗಾಲು.

"ಏನ್ ಸಾಹೇಬ್ರೆ, ಇನ್ನೂ ಕೂತೇ ಇದೀರಾ? ಬೈಕ್ನೋನು ನನ್ನ ಏರಿ ಹಿಂದೆ ಇಳ್ಸಿ ಹೋಗ್ಬಿಟ್ಟ. ಕೊನೇ ಕಂಬದಲ್ಲಿ ಕಟ್ಟು ಸಡ್ಲಾಗಿತ್ತು, ಬಿಗಿದು ಬಂದೆ. ಬೂಟಲ್ಲಿ ಕಾಲು ಬೇಯ್ತಿತ್ತು, ಬಿಚ್ಚಾಕ್ದೆ."

ಏರಿಯ ಹಿಂದಿನ ಕಂಬ ಮರದ ಕೆಳಗೆ ಕೂತವರಿಗೆ ಕಾಣುವುದಿಲ್ಲ. ನಾನು ಫೋನ್ ಮಾಡಿದಾಗ ನಮ್ಮಣ್ಣ ಆ ಕಂಬದ ಮೇಲೆ ಇದ್ದ. ತಂತಿ ಅವನ ಕೈಯಲ್ಲಿತ್ತು.

ಅವನು ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಸಾಹೇಬರು ತಮ್ಮದನ್ನು ಮೆಟ್ಟಿಕೊಂಡರು. ಸಾಲು ಖಾಲಿಯಾಯಿತು. ಆಮೇಲೆ ಫೋನ್ ತೆಗೆದು, "ಜವರಯ್ಯನೋರೇ, ಆರು ಜೊತೆ. ಲೈನ್ ರಿಟರ್ನ್ ಬರ್ಕೊಳ್ಳಿ" ಅಂದರು. ಆ ಕಡೆಯಿಂದ ಜವರಯ್ಯನವರು ಏನೋ ಹೇಳುತ್ತಾ ಹೋದರು. ಸಾಹೇಬರು ಕೇಳಿಸಿಕೊಳ್ಳುತ್ತಾ ನನ್ನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನಗೆ ಅನ್ನಿಸುತ್ತದೆ, ನಿಜವಾಗಿ ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಫೋನಿನಲ್ಲಿ, "ಯಾರೋ ರಾಂಗ್ ನಂಬರ್ ಇರ್ಬೇಕು ಬಿಡಿ" ಅಂದರು. ನನಗೆ, "ಹೋಗಪ್ಪಾ, ನಿನ್ ಮೈಕ್ ಬಂತು" ಅಂದರು.

ನಾನು ಹೋಗಿ ಕಾರ್ಮಿಕರ ಹಕ್ಕುಗಳ ಬಗ್ಗೆ ಭಾಷಣ ಮಾಡಿದೆ. ನನ್ನ ಜೀವನದ ಅತ್ಯಂತ ಚಿಕ್ಕ ಭಾಷಣ. ಜನ ಜೋರಾಗಿ ಚಪ್ಪಾಳೆ ತಟ್ಟಿದರು, ಬೇಗ ಮುಗಿಯಿತು ಎಂದು.

ಒಂದು ವಾರ ಬಿಟ್ಟು ಕಡೂರಿನಲ್ಲಿ ಸಾಹೇಬರ ಮನೆಗೆ ಹೋದೆ. ಚಾಂದ್ ಬಿ ಅಮ್ಮ ಚಹಾ ಕೊಟ್ಟರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಸಾಹೇಬರು ನನ್ನ ಕರಪತ್ರವನ್ನು ತಂದು ಮುಂದೆ ಇಟ್ಟರು. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. "ಬರವಣಿಗೆ ಚೆನ್ನಾಗೈತೆ ಬೇಟಾ. ಒಂದು ಬಿಟ್ಟೋಗೈತೆ. ಸಾಲಲ್ಲಿ ನನ್ ಚಪ್ಪಲಿನೂ ಇರ್ತೈತೆ ಅಂತ ನೀನು ಬರೀಲಿಲ್ಲ" ಅಂದರು. ಒಳಗಿಂದ ಅಮ್ಮ, "ನನ್ನ ಗಂಡನಿಗೆ ದರ್ಬಾರು ಅಂತೆ! ಮನೇಲಿ ಒಂದು ಲೋಟ ನೀರು ಕೇಳೋಕೂ ಹೆದರ್ತಾರೆ" ಎಂದು ಗೊಣಗಿದರು.

ಅವತ್ತು ಅವರು ಆ ಪದ್ಧತಿ ಎಲ್ಲಿಂದ ಬಂತೆಂದು ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ಕಂಬದ ಮೇಲೆ ಒಬ್ಬ ತೀರಿಕೊಂಡ. ಎಲ್ಲರೂ ಇಳಿದರು ಅಂದುಕೊಂಡು ಆಗಿನ ಲೈನ್‌ಮ್ಯಾನ್ ಲೈನ್ ವಾಪಸ್ ಕೊಟ್ಟಿದ್ದರು. ಯಾವ ಹಳ್ಳಿ, ಯಾರು ಎಂದು ಸಾಹೇಬರು ನನಗೂ ಹೇಳಲಿಲ್ಲ. ಸಂಜೆ ಎಲ್ಲರೂ ಆಸ್ಪತ್ರೆಯ ಹತ್ತಿರ ಹೋದಾಗ ಕಂಬದ ಬುಡದಲ್ಲಿ ಅವನ ಚಪ್ಪಲಿ ಉಳಿದಿದ್ದವು. ಸಾಹೇಬರು ಅವನ್ನು ಎತ್ತಿಕೊಂಡು ಅವನ ಮನೆಗೆ ಹೋದರು. ಮನೆಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಅವನ ಹೆಂಡತಿ ಇವರ ಕೈಯಲ್ಲಿದ್ದ ಚಪ್ಪಲಿ ನೋಡಿ, "ಬಾಗಿಲಲ್ಲೇ ಬಿಡಿ, ಬತ್ತಾರೆ" ಅಂದಳಂತೆ.

ಅದಾದ ಮೇಲೆ ಸಾಹೇಬರು ಯಾರ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ಯಾರ ಮನೆಗೂ ಹೋಗಿಲ್ಲ. ಮೂವತ್ತಾರು ವರ್ಷದ ಸೇವೆಯಲ್ಲಿ, ಅವರು ಲೈನ್ ತೆಗೆದುಕೊಂಡ ಯಾವ ದಿನವೂ, ಒಂದೇ ಒಂದು ಜೊತೆ ಚಪ್ಪಲಿ ಸಾಲಿನಲ್ಲಿ ಉಳಿದಿಲ್ಲ. ಇದಕ್ಕೆ ಪದಕ ಇಲ್ಲ. ನಾವು ಇವತ್ತು ಹಾಕಿರುವುದು ಒಂದು ಶಾಲು, ಒಂದು ಹಾರ. ಇಷ್ಟು ಸಾಕೇ? ಸಾಲದು ಎಂದು ನನಗೆ ಗೊತ್ತು.

ಆದ್ದರಿಂದ ಅಧ್ಯಕ್ಷರೇ, ನಿಮ್ಮಲ್ಲಿ ಒಂದು ಕೋರಿಕೆ. ಇಲ್ಲಿ ಸಂಘದ ಕಾರ್ಯದರ್ಶಿ ಮಾತನಾಡುತ್ತಿದ್ದಾನೆ, ಸ್ವಲ್ಪ ಗಟ್ಟಿಯಾಗಿಯೇ ಮಾತನಾಡುತ್ತಾನೆ. ಉಪಕೇಂದ್ರದ ಪುಸ್ತಕದಲ್ಲಿ ಇವತ್ತಿಗೂ ಬರೆಯುವುದು "ಲೈನ್‌ಮ್ಯಾನ್ ಮತ್ತು ಐವರು ಗುತ್ತಿಗೆಯವರು" ಎಂದು. ಆ ಐವರಿಗೆ ಹೆಸರಿಲ್ಲವೇ? ನಮ್ಮಣ್ಣನ ಹೆಸರು ಅವತ್ತು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ಕಂಬದ ಮೇಲಿದ್ದಾನೆ ಎಂಬುದಕ್ಕೆ ಈ ಭೂಮಿಯ ಮೇಲೆ ಇದ್ದ ಸಾಕ್ಷಿ ಒಂದು ಜೊತೆ ಹರಿದ ಚಪ್ಪಲಿ, ಅದನ್ನು ಓದಲು ಬಲ್ಲ ಒಬ್ಬ ಮನುಷ್ಯ. ಸಾಹೇಬರು ನಾಳೆಯಿಂದ ಬರುವುದಿಲ್ಲ. ನಾಳೆಯಿಂದ ಐದು ಹೆಸರು ಬರೆಸಿ. ಹೆಸರು ಬರೆದ ಮೇಲೂ ಚಪ್ಪಲಿಯ ಸಾಲು ನಿಲ್ಲಿಸಬೇಡಿ. ನಿಲ್ಲಿಸಿದರೆ ನಾನು ಇನ್ನೊಂದು ಕರಪತ್ರ ಬರೆಯುತ್ತೇನೆ. ಈ ಸಲ ನೋಡಿ ಬರೆಯುತ್ತೇನೆ.

ಮೊದಲಿಗೆ ಒಬ್ಬನನ್ನು ಬೈಯುವುದಿದೆ ಅಂದಿದ್ದೆ. ಬೈದಾಯಿತು. ಸಾಹೇಬರೇ, ಜವರಯ್ಯನವರೇ, ನೀವಿಬ್ಬರೂ ಮೂರು ವರ್ಷ ಅದು ರಾಂಗ್ ನಂಬರ್ ಅಂತಲೇ ಕಾಪಾಡಿಕೊಂಡು ಬಂದಿರಿ. ಈಗ ಸಾಹೇಬರು ತಲೆ ಅಲ್ಲಾಡಿಸುತ್ತಿದ್ದಾರೆ, ಯಾಕಪ್ಪಾ ಹೇಳಿದೆ ಎಂದು. ನೀವು ನಿವೃತ್ತರಾದ ಮೇಲೆ ಈ ಭಾರ ನಿಮ್ಮ ಮೇಲೆಯೇ ಬಿಡುವುದು ಸರಿಯಲ್ಲ ಅನ್ನಿಸಿತು.

ಅವ್ವ, ನೀನು ಸೆರಗಲ್ಲಿ ಮುಖ ಮುಚ್ಚಿಕೊಂಡಿದ್ದೀಯ. ಚಾಂದ್ ಬಿ ಅಮ್ಮ, ಸ್ವಲ್ಪ ಅವಳ ಕೈ ಹಿಡಿದುಕೊಳ್ಳಿ.

ಸುರೇಶಣ್ಣ, ನೀನು ಬಾಗಿಲ ಹತ್ತಿರ ನಿಂತಿದ್ದೀಯ. ನೀನು ನಗುತ್ತಿಲ್ಲ, ಬೈಯುತ್ತಲೂ ಇಲ್ಲ. ಏನು ಮಾಡಬೇಕೋ ನನಗೂ ಗೊತ್ತಾಗುತ್ತಿಲ್ಲ. ಬೆಳಿಗ್ಗೆ ಒಳಗೆ ಬರುವಾಗ ಮೆಟ್ಟಿಲ ಹತ್ತಿರ ಎಲ್ಲರ ಚಪ್ಪಲಿಯ ಸಾಲಿನಲ್ಲಿ ನಿನ್ನ ಜೊತೆಯನ್ನು ಹುಡುಕಿ, ನನ್ನದನ್ನು ಅದರ ಪಕ್ಕದಲ್ಲೇ ಬಿಟ್ಟಿದ್ದೇನೆ. ಸಭೆ ಮುಗಿದ ಮೇಲೆ ನೀನು ನನ್ನ ಜೊತೆ ಮಾತನಾಡದೆ ಹೋದರೂ ಸರಿ, ಮೊದಲು ನಿನ್ನದನ್ನು ಮೆಟ್ಟಿಕೋ. ಅಲ್ಲಿಯವರೆಗೆ ನಾನು ನನ್ನದನ್ನು ಮುಟ್ಟುವುದಿಲ್ಲ. ಇಲ್ಲೇ ಬರಿಗಾಲಲ್ಲಿ ನಿಂತಿರುತ್ತೇನೆ.

ಐದು ನಿಮಿಷ ಕೊಟ್ಟು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಮೈಕಿಗೆ ಕರೆಂಟ್ ಕೊಟ್ಟ ಇವತ್ತಿನ ಪಾಳಿಯ ಆಪರೇಟರಿಗೆ, ಕೇಳಿಸಿಕೊಂಡ ನಿಮಗೆಲ್ಲರಿಗೂ ನನ್ನ ಕೃತಜ್ಞತೆ. ರಹಮತ್ ಉಲ್ಲಾ ಸಾಹೇಬರಿಗೆ ಮತ್ತು ಅವರ ಸಾಲಿಗೆ ನನ್ನ ನಮಸ್ಕಾರ.